ಕಾಲಿನಿಂದ ಎದೆಗೆ: ಬೈಪಾಸ್ ಆಪರೇಷನ್ ನಡೆದು ಬಂದ ದಾರಿ

ನಮ್ಮ ಕಡೆ ಯಾರಿಗಾದರೂ ಎದೆಯ ಆಪರೇಷನ್ ಆಯಿತೆಂದರೆ ಊರವರು ಮೊದಲು ಕೇಳುವುದು "ಎಲ್ಲಿಗೆ ಒಯ್ದಿದ್ರಿ?" ಎಂದು. ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಕೊಪ್ಪಳದವರ ಉತ್ತರ ಹೆಚ್ಚಾಗಿ ಹುಬ್ಬಳ್ಳಿ, ಇಲ್ಲವೆ ಬೆಂಗಳೂರು. ಐವತ್ತು ವರ್ಷದ ಹಿಂದೆ ದುಡ್ಡಿದ್ದವರ ಉತ್ತರ ಅಮೆರಿಕ ಆಗಿರುತ್ತಿತ್ತು. ಈಗ ಒಮನ್, ಇರಾಕ್, ಬಾಂಗ್ಲಾದೇಶದವರೇ ವೈದ್ಯಕೀಯ ವೀಸಾ ಮಾಡಿಸಿಕೊಂಡು ನಮ್ಮ ದೇಶಕ್ಕೆ ಬರುತ್ತಾರೆ. ಎದೆಯ ಬೈಪಾಸ್, ಕಾಲಿನ ಬೈಪಾಸ್ ಎರಡನ್ನೂ ಒಂದೇ ಪ್ರಯಾಣದಲ್ಲಿ ಮುಗಿಸಿಕೊಂಡು ಹೋಗಬೇಕೆಂಬ ಆಸೆ ಅವರಲ್ಲಿ ಹಲವರದು. ಈ ಎರಡು ಆಪರೇಷನ್‌ಗಳ ಚರಿತ್ರೆ ಹುಡುಕಿದಾಗ ನಮಗೆ ಗೊತ್ತಾದದ್ದು, ಇದು ಶುರುವಾದದ್ದೇ ಕಾಲಿನಿಂದ.

ಕಾಯಿಲೆ ಎರಡಲ್ಲ, ಒಂದೇ. ತುಂಗಭದ್ರಾ ಎಡದಂಡೆ ನಾಲೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಲೆಯಲ್ಲಿ ಹೂಳು ತುಂಬಿದರೆ ಮೊದಲು ಒಣಗುವುದು ಟೇಲೆಂಡ್ ರೈತರ ಗದ್ದೆ. ಮೈಯಲ್ಲಿ ಕಾಲು ಟೇಲೆಂಡ್. ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆ, ಬಿಪಿಯಿಂದ ರಕ್ತನಾಳದ ಒಳಗೆ ಕೊಬ್ಬು ಕಟ್ಟಿಕೊಳ್ಳುತ್ತ ಹೋಗುತ್ತದೆ. ಕಾಲಲ್ಲಿ ಕಟ್ಟಿದರೆ ನಡೆಯುವಾಗ ಮೀನಖಂಡ ಹಿಡಿದುಕೊಳ್ಳುತ್ತದೆ, ಹೃದಯದಲ್ಲಿ ಕಟ್ಟಿದರೆ ಎದೆ ಹಿಡಿಯುತ್ತದೆ. ಇದನ್ನು ನಾವು 'ನರ ಬ್ಲಾಕ್' ಅನ್ನುತ್ತೇವೆ. ನಿಜವಾಗಿ ಅದು ನರವಲ್ಲ, ರಕ್ತದ ಕೊಳವೆ. ಈ ತಪ್ಪು ಹೆಸರಿನಿಂದಾಗಿ ಎಷ್ಟೋ ಜನ ನರಕ್ಕೆ ಎಣ್ಣೆ ತಿಕ್ಕಿಸುತ್ತ ವರ್ಷ ಕಳೆಯುತ್ತಾರೆ.

ಕಟ್ಟಿಕೊಂಡ ಜಾಗವನ್ನು ಬಿಟ್ಟು, ಪಕ್ಕದಿಂದ ಹೊಸ ಕಾಲುವೆ ತೋಡಿ ಮುಂದೆ ಕೂಡಿಸುವುದೇ ಬೈಪಾಸ್. ಅದಕ್ಕೆ ಮೊದಲು ರಕ್ತನಾಳಕ್ಕೆ ಹೊಲಿಗೆ ಹಾಕುವುದು ಬರಬೇಕಿತ್ತು. ಅದನ್ನು ಸಾಧಿಸಿದವರು ಫ್ರಾನ್ಸಿನ ಅಲೆಕ್ಸಿಸ್ ಕ್ಯಾರೆಲ್. ಲಿಯಾನ್ ಊರಿನಲ್ಲಿ ಕಸೂತಿ ಮಾಡುವ ಒಬ್ಬ ಹೆಣ್ಣುಮಗಳ ಹತ್ತಿರ ಕೂತು ಸಣ್ಣ ಸೂಜಿಯ ಕೆಲಸ ಕಲಿತರು. 1912ರಲ್ಲಿ ಅವರಿಗೆ ನೊಬೆಲ್ ಬಂತು. (ಕಸೂತಿ ಕಲಿಸಿದಾಕೆಗೆ ಏನೂ ಬರಲಿಲ್ಲ.)

1948ರ ಜೂನ್‌ನಲ್ಲಿ ಪ್ಯಾರಿಸ್‌ನ ಜಾನ್ ಕುನ್ಲಿನ್ ಎಂಬ ಸರ್ಜನ್ ಎದುರಿಗೆ ಕಾಲಿಗೆ ಗ್ಯಾಂಗ್ರಿನ್ ಆದ ರೋಗಿ ಇದ್ದ. ಅವನ ಕಾಲಿನದೇ ಉದ್ದನೆಯ ಅಶುದ್ಧ ರಕ್ತನಾಳ ತೆಗೆದು, ತಿರುಗಿಸಿ, ಕಟ್ಟಿಕೊಂಡ ನಾಳದ ಮೇಲೊಮ್ಮೆ ಕೆಳಗೊಮ್ಮೆ ಜೋಡಿಸಿದರು. ತಿರುಗಿಸಬೇಕು ಯಾಕೆಂದರೆ ಆ ನಾಳದೊಳಗೆ ಒಂದೇ ದಿಕ್ಕಿಗೆ ತೆರೆಯುವ ಬಾಗಿಲುಗಳಿರುತ್ತವೆ. ಕಾಲು ಉಳಿಯಿತು. ಆ ಜೂನ್‌ನಲ್ಲಿ ನಮ್ಮ ಕೊಪ್ಪಳ ಇನ್ನೂ ನಿಜಾಮರ ಸಂಸ್ಥಾನದಲ್ಲಿತ್ತು. ರಜಾಕಾರರಿಗೆ ಹೆದರಿ ಜನ ಗಡಿ ದಾಟುತ್ತಿದ್ದ ದಿನಗಳವು.

ಕಾಲಿನ ಈ ವಿದ್ಯೆ ಎದೆಗೆ ಬರಲು ಹತ್ತೊಂಬತ್ತು ವರ್ಷ ಹಿಡಿಯಿತು. ಈ ನಡುವೆ 1953ರಲ್ಲಿ, ತುಂಗಭದ್ರಾ ಡ್ಯಾಮ್ ಮುಗಿದ ವರ್ಷವೇ, ಅಮೆರಿಕದ ಜಾನ್ ಗಿಬ್ಬನ್ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಯಂತ್ರವನ್ನು ಮನುಷ್ಯನ ಮೇಲೆ ಬಳಸಿ ಗೆದ್ದರು. ರಷ್ಯಾದ ಕೊಲೆಸೊವ್‌ರಂಥ ಕೆಲವರು ಹೃದಯದ ಬೈಪಾಸ್ ಮಾಡಿಯೂ ಇದ್ದರು. ಆದರೆ ಅದನ್ನು ದಿನನಿತ್ಯದ ಆಪರೇಷನ್ ಮಾಡಿದ ಹೆಸರು ರೆನೆ ಫವಲೋರೊ. ಇವರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇವೆ, ಯಾಕೆಂದರೆ ಇವರು ಹಳ್ಳಿ ಡಾಕ್ಟರು.

ಅರ್ಜೆಂಟೀನಾದ ಹಾಸಿಂತೊ ಅರಾವುಸ್ ಎಂಬ ಬಯಲುಸೀಮೆಯ ಊರಿಗೆ 1950ರಲ್ಲಿ ಹೋದ ಫವಲೋರೊ, ಹನ್ನೆರಡು ವರ್ಷ ಅಲ್ಲೇ ಇದ್ದರು. ತಮ್ಮನೂ ಡಾಕ್ಟರಾಗಿ ಬಂದು ಜೊತೆಗೂಡಿದ. ಸೂಲಗಿತ್ತಿಯರಿಗೆ ತರಬೇತಿ ಕೊಟ್ಟರು. ರಕ್ತ ಕೂಡಿಡಲು ಅಲ್ಲಿ ವ್ಯವಸ್ಥೆ ಇರಲಿಲ್ಲ. ಯಾರದು ಯಾವ ಗುಂಪು ಎಂದು ಊರವರ ಪಟ್ಟಿ ಮಾಡಿಟ್ಟು, ಬೇಕಾದಾಗ ಕರೆದು ಕೊಡಿಸಿದರು. 1962ರಲ್ಲಿ ಎದೆಯ ಸರ್ಜರಿ ಕಲಿಯಲು ಅಮೆರಿಕದ ಕ್ಲೀವ್‌ಲ್ಯಾಂಡ್‌ಗೆ ಹೋದರು. 1967ರ ಮೇನಲ್ಲಿ ರೋಗಿಯ ಕಾಲಿನ ನಾಳವನ್ನೇ ತೆಗೆದು ಹೃದಯಕ್ಕೆ ಜೋಡಿಸಿದರು. ಲೋಕದ ರೋಗಿಗಳೆಲ್ಲ ಅಲ್ಲಿಗೆ ಬರತೊಡಗಿದಾಗ ಅವರು 1971ರಲ್ಲಿ ವಾಪಸು ಊರಿಗೆ ಹೊರಟರು. ತಮ್ಮ ಜನ ಈ ಆಪರೇಷನ್‌ಗೆ ಪರದೇಶಕ್ಕೆ ಹೋಗಬಾರದು ಎಂಬುದು ಅವರ ಹಟ. ಅಲ್ಲಿ ಸಂಸ್ಥೆ ಕಟ್ಟಿದರು, ದುಡ್ಡಿಲ್ಲದವರಿಗೂ ಮಾಡಿದರು. ಬರಬೇಕಾದ ಬಾಕಿ ಬರಲಿಲ್ಲ, ಸಾಲ ಬೆಳೆಯಿತು. 2000ದ ಜುಲೈನಲ್ಲಿ ಅವರು ತಮ್ಮ ಪ್ರಾಣ ತಾವೇ ಕಳೆದುಕೊಂಡರು.

ನಮ್ಮ ದೇಶದ ಮೊದಲ ಹೃದಯ ಬೈಪಾಸ್ ನಡೆದದ್ದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಲ್ಲ. 1975ರಲ್ಲಿ, ಮದ್ರಾಸಿನ ಪೆರಂಬೂರು ರೈಲ್ವೆ ದವಾಖಾನೆಯಲ್ಲಿ, ಡಾ. ಕೆ.ಎಂ. ಚೆರಿಯನ್ ಮಾಡಿದರು. ಆದರೂ ಸ್ಥಿತಿವಂತರ ಕಣ್ಣು ಇನ್ನೂ ಅಮೆರಿಕದ ಮೇಲೇ ಇತ್ತು. 1982ರ ಅಕ್ಟೋಬರ್‌ನಲ್ಲಿ ರಾಷ್ಟ್ರಪತಿ ಜೈಲ್ ಸಿಂಗ್ ಅವರೇ ಹೂಸ್ಟನ್‌ಗೆ ಹೋಗಿ ಬೈಪಾಸ್ ಮಾಡಿಸಿಕೊಂಡು ಬಂದರು. ಮರುವರ್ಷ, 1983ರ ಸೆಪ್ಟೆಂಬರ್‌ನಲ್ಲಿ, ಮದ್ರಾಸಿನ ಅಪೋಲೊ ಆಸ್ಪತ್ರೆ ಉದ್ಘಾಟಿಸಿದವರೂ ಅವರೇ. ಅಮೆರಿಕಕ್ಕೆ ಹೋಗಲು ದುಡ್ಡು ಹೊಂದದೆ ಒಬ್ಬ ರೋಗಿ ತೀರಿಕೊಂಡದ್ದೇ ಆ ಆಸ್ಪತ್ರೆ ಕಟ್ಟಲು ಕಾರಣ ಎಂದು ಅದರ ಸ್ಥಾಪಕ ಪ್ರತಾಪ ರೆಡ್ಡಿ ಹೇಳುತ್ತ ಬಂದಿದ್ದಾರೆ. ಮನಮೋಹನ್ ಸಿಂಗ್ ಅವರ ಮೊದಲ ಬೈಪಾಸ್ 1990ರಲ್ಲಿ ಇಂಗ್ಲೆಂಡಿನಲ್ಲಿ. ಎರಡನೆಯದು 2009ರಲ್ಲಿ, ಪ್ರಧಾನಿಯಾಗಿದ್ದಾಗ, ದೆಹಲಿಯ ಏಮ್ಸ್‌ನಲ್ಲಿ. ಇಷ್ಟು ಹೊತ್ತಿಗೆ ಗಾಳಿ ತಿರುಗಿತ್ತು.

ತಿರುಗಿದ ಗಾಳಿಗೆ ನಮ್ಮ ಕರ್ನಾಟಕದ ಪಾಲೂ ಇದೆ. 2003ರ ಜುಲೈನಲ್ಲಿ ನಿಂತುಹೋಗಿದ್ದ ಲಾಹೋರ್ ದೆಹಲಿ ಬಸ್ಸು ಮತ್ತೆ ಓಡಿದಾಗ, ಅದರಲ್ಲಿ ಬಂದ ಒಂದು ಪಾಕಿಸ್ತಾನಿ ಕೂಸಿಗೆ ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಹೃದಯದ ಆಪರೇಷನ್ ಆಯಿತು. 2014ರಲ್ಲಿ ಅದೇ ಆಸ್ಪತ್ರೆಯವರು ಅಮೆರಿಕದ ಬಗಲಿಗಿರುವ ಕೇಮನ್ ದ್ವೀಪದಲ್ಲಿ ಹೋಗಿ ಆಸ್ಪತ್ರೆ ತೆರೆದರು.

ಪರದೇಶದವರಿಗೆ ಬಾಗಿಲು ತೆರೆದಾಗ ನಮ್ಮವರ ಗತಿ ಏನಿತ್ತು? ಹಂಪಿ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯಿಡೀ ಹೋಗುವ ಬೆಂಗಳೂರೇ ನಮಗೆ ಹೂಸ್ಟನ್. 2003ರಲ್ಲಿ ಯಶಸ್ವಿನಿ ಬಂತು. ಸಹಕಾರಿ ಸಂಘದ ರೈತರಿಗೆ, ತಿಂಗಳಿಗೆ ಐದು ರೂಪಾಯಿ ಲೆಕ್ಕ. 2010ರ ಫೆಬ್ರವರಿಯಲ್ಲಿ ವಾಜಪೇಯಿ ಆರೋಗ್ಯಶ್ರೀ ಮೊದಲು ಜಾರಿಯಾದದ್ದು ನಮ್ಮ ಕಲಬುರಗಿ ವಿಭಾಗದಲ್ಲೇ. ಬಿಪಿಎಲ್ ಕುಟುಂಬಕ್ಕೆ ಒಂದೂವರೆ ಲಕ್ಷದವರೆಗೆ, ಹೃದ್ರೋಗವೂ ಸೇರಿ. ಯೋಜನೆ ಇದ್ದ 300 ಹಳ್ಳಿ ಮತ್ತು ಇಲ್ಲದ ಅಕ್ಕಪಕ್ಕದ 272 ಹಳ್ಳಿಗಳನ್ನು ಸಂಶೋಧಕರು ಹೋಲಿಸಿ ನೋಡಿ, 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಯೋಜನೆಯ ಪಟ್ಟಿಯಲ್ಲಿದ್ದ ಕಾಯಿಲೆಗಳಿಂದ ಬಡವರ ಸಾವು, ಯೋಜನೆ ಇದ್ದ ಹಳ್ಳಿಗಳಲ್ಲಿ ಶೇ. 64ರಷ್ಟು ಕಡಿಮೆ ಇತ್ತು. ನಮ್ಮ ಸೀಮೆ ಎಲ್ಲ ಪಟ್ಟಿಯಲ್ಲೂ ಕೊನೆಗೆ ಎಂದು ಕೇಳಿ ಬೆಳೆದ ನಮಗೆ ಇದು ಮರೆಯಬಾರದ ಅಂಕಿ. 2018ರಲ್ಲಿ ಈ ಯೋಜನೆಗಳೆಲ್ಲ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದೊಳಗೆ ಕೂಡಿದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ. ತುರ್ತು ಇಲ್ಲದಿದ್ದರೆ ಸರ್ಕಾರಿ ದವಾಖಾನೆಯ ಚೀಟಿ ಬೇಕು.

ಇಷ್ಟಾದರೂ ಕಾಲು ಹಿಂದೆ ಉಳಿದಿದೆ ಎಂದು ನಮಗೆ ಅನ್ನಿಸುತ್ತದೆ. ಎದೆ ನೋವೆಂದರೆ ಗಾಡಿ ಕಟ್ಟುವ ಮನೆಯವರು ಕಾಲು ನೋವೆಂದರೆ "ವಯಸ್ಸಾತು" ಅನ್ನುತ್ತಾರೆ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದು, ನಿಂತರೆ ಬಿಟ್ಟು, ಮತ್ತೆ ನಡೆದರೆ ಹಿಡಿಯುವುದು, ಪಾದ ತಣ್ಣಗಾಗುವುದು, ಬೆರಳ ಹುಣ್ಣು ಮಾಯದಿರುವುದು. ಇವು ವಯಸ್ಸಲ್ಲ, ನಾಳ ಕಟ್ಟಿರುವ ಸೂಚನೆ. ಹೀಗಿರುವವರ ಹೃದಯದ ನಾಳವೂ ಕಟ್ಟಿರುವ ಸಂಭವ ಹೆಚ್ಚು. ಬೀಡಿ ಸೇದುವ ಹರೆಯದವರಿಗೆ ಬರುವ ಬರ್ಗರ್ ಕಾಯಿಲೆ ಬೇರೆ ಜಾತಿಯದು. ಅದರಲ್ಲಿ ಕೆಳಗಿನ ಸಣ್ಣ ನಾಳಗಳೇ ಮುಚ್ಚುವುದರಿಂದ ಬೈಪಾಸ್ ಜೋಡಿಸಲು ಜಾಗವೇ ಸಿಗದಿರಬಹುದು. ಬೀಡಿ ಬಿಡುವುದೇ ಅಲ್ಲಿ ಮುಖ್ಯ ಔಷಧ.

ಎದೆ, ಕಾಲು ಎರಡೂ ಒಂದೇ ಸಲ ಮಾಡಬಹುದೇ? ಮಾಡಬಹುದು, ಮಾಡುತ್ತಾರೆ. ಆದರೆ ಆಪರೇಷನ್ ಉದ್ದವಾಗುತ್ತದೆ, ಮೈಗೆ ಹೊಡೆತ ಹೆಚ್ಚು. ಹೃದಯ ಮೊದಲು, ಕೆಲವು ವಾರ ಬಿಟ್ಟು ಕಾಲು ಎಂಬುದೇ ಸಾಮಾನ್ಯ ಪದ್ಧತಿ. ಕಾಲು ಕೊಳೆಯುವ ಹಂತದಲ್ಲಿದ್ದು ಹೃದಯವೂ ಕಾಯದಂತಿದ್ದರೆ ಮಾತ್ರ ಎರಡನ್ನೂ ಕೂಡಿಸುವ ಮಾತು. ಕೆಲವರಿಗೆ ಕಾಲಿನ ನಾಳವನ್ನು ಬಲೂನಿನಿಂದಲೇ ತೆರೆಯುತ್ತಾರೆ. ವಿಮಾನ ಹತ್ತಿ ಬಂದವರಿಗೆ ಎರಡನೇ ಸಲ ಬರುವುದು ಭಾರ, ಅದಕ್ಕೆ ಒಂದೇ ಸಲ ಮುಗಿಸುವ ಒತ್ತಡ. ಯಲಬುರ್ಗಾದ ಕೂಲಿಕಾರನಿಗೂ ಅದೇ ಒತ್ತಡ, ರೈಲಿನ ಲೆಕ್ಕದಲ್ಲಿ: ಜೊತೆಗೆ ಇಬ್ಬರು, ಹತ್ತು ದಿನದ ಕೂಲಿ. ಆದರೆ ಪ್ರಯಾಣದ ಖರ್ಚು ನೋಡಿ ಆಪರೇಷನ್ ತೀರ್ಮಾನಿಸುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಮಾತು. ಹೃದಯಕ್ಕೂ ಕಾಲಿಗೂ ಬೇಕಾಗುವುದು ಅದೇ ಕಾಲಿನ ನಾಳ. ಇದ್ದ ಹಗ್ಗ ಒಂದು, ಬಾವಿ ಎರಡು. ಹೃದಯಕ್ಕೆ ಪೂರ್ತಿ ಬಳಸಿದರೆ ನಾಳೆ ಕಾಲಿಗೆ ಉಳಿಯುವುದಿಲ್ಲ. ರಕ್ತ ಸರಿಯಾಗಿ ಹರಿಯದ ಕಾಲಿನಿಂದ ನಾಳ ತೆಗೆದರೆ ಆ ಗಾಯವೇ ಮಾಯದೆ ಕಾಡಬಹುದು. ಹೃದಯಕ್ಕೆ ಎದೆಯೊಳಗಿನ ನಾಳವನ್ನೂ ಬಳಸಲು ಬರುತ್ತದೆ. ಆದ್ದರಿಂದ ಎದೆಯ ಆಪರೇಷನ್‌ಗೆ ಒಪ್ಪುವ ಮೊದಲು "ಕಾಲೂ ನೋವು ಅದ ಸಾಹೇಬ್ರ, ನೋಡ್ರಿ" ಎಂದು ಬಾಯಿಬಿಟ್ಟು ಹೇಳಬೇಕು. ಪರೀಕ್ಷೆ ಸರಳ: ಪಾದದ ನಾಡಿ ಮುಟ್ಟಿ ನೋಡುವುದು, ತೋಳಿನ ಬಿಪಿಗೆ ಹಿಮ್ಮಡಿಯ ಹತ್ತಿರದ ಬಿಪಿ ಹೋಲಿಸುವುದು. ಕಾಲಿನದು ತೋಳಿನ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಕಡಿಮೆ ಇದ್ದರೆ ನಾಳ ಕಟ್ಟಿದೆ ಎಂದು ಲೆಕ್ಕ.

ದಾರಿ ಈಗ ಸ್ವಲ್ಪ ಹತ್ತಿರವಾಗಿದೆ. 2015ರಿಂದ ಕೊಪ್ಪಳದಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಹಾಸಿಗೆ 371, ನಮ್ಮ ಭಾಗದ 371ಜೆ ಕಲಮಿನ ನೆನಪಿಗೆ ಇಟ್ಟ ಸಂಖ್ಯೆ. ಗಂಗಾವತಿಗೆ 2019ರಲ್ಲಿ ರೈಲು ಬಂತು. ಯಲಬುರ್ಗಾ ಮೇಲೆ ಹಾದು ಕುಷ್ಟಗಿಗೆ ಹುಬ್ಬಳ್ಳಿಯ ರೈಲು ಬಂದದ್ದು 2025ರಲ್ಲಿ.