ಪ್ರಾಚೀನತೆಯ ಎಲ್ಲೆ ಎಲ್ಲಿ?

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಪ್ರಾಚೀನ ಸ್ಥಳಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಸೇರಿಸಬೇಕೆಂದು ಹೊರಟವನನ್ನು ಮೊದಲು ಕಾಡುವುದು ಕಾಲದ ಪ್ರಶ್ನೆ. ಎಲ್ಲಿಂದ ತೊಡಗಬೇಕು? ಯಾವ ಇಸವಿಗೆ ಬಂದು ಲೇಖನಿಯನ್ನು ಕೆಳಗಿಡಬೇಕು?

ಪಠ್ಯಪುಸ್ತಕಗಳ ಕ್ರಮ ನಮಗೆಲ್ಲ ಬಾಯಿಪಾಠವಾಗಿದೆ: ಮೌರ್ಯರು, ಶಾತವಾಹನರು, ಚಾಲುಕ್ಯರು, ರಾಷ್ಟ್ರಕೂಟರು. ಈ ಅರಸುಮನೆತನಗಳ ಸರಪಳಿಯನ್ನು ಹಿಡಿದು ನಡೆದರೆ ಶಹಾಪುರ ತಾಲ್ಲೂಕಿನ ಶಿರವಾಳದ ಗುಡಿಗಳು ದೊರೆಯುತ್ತವೆ. ಭೀಮೆಯನ್ನು ದಾಟಿದರೆ ಸನ್ನತಿಯ ಅಶೋಕ ಶಾಸನವೂ ದೊರೆಯುತ್ತದೆ. ಆದರೆ ಈ ಸೀಮೆಯ ಹಿರಿಮೆಯ ಬಹುಪಾಲು ಆ ಸರಪಳಿಗೆ ನಿಲುಕುವುದೇ ಇಲ್ಲ.

ಹುಣಸಗಿಯ ಸಂಗತಿಯನ್ನೇ ನೋಡಿ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1970ರ ದಶಕದಿಂದ ಹುಣಸಗಿ, ಬೈಚಬಾಳ ಕಣಿವೆಗಳನ್ನು ಕಾಲ್ನಡಿಗೆಯಲ್ಲಿ ಶೋಧಿಸಿ, ಹಳೆಯ ಶಿಲಾಯುಗದ ನೆಲೆಗಳನ್ನು ನೂರಕ್ಕೂ ಮಿಕ್ಕಿ ಗುರುತಿಸಿದರು. ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನ ಹಾಸನ್ನು ಎಬ್ಬಿಸಿ, ಅಲ್ಲಿಯೇ ಕುಳಿತು ಕೈಗೊಡಲಿಗಳನ್ನು ಕೆತ್ತಿದ್ದಾರೆ. ಕಲ್ಲು, ಚಕ್ಕೆ, ಅರ್ಧ ಮುಗಿದ ಆಯುಧ ಎಲ್ಲವೂ ಒಂದೇ ಕಡೆ ಬಿದ್ದಿದ್ದ ಕಾರ್ಖಾನೆ ಅದು. ಅಲ್ಲಿ ದೊರೆತ ಪ್ರಾಣಿಯ ಹಲ್ಲುಗಳನ್ನು ಪರೀಕ್ಷಿಸಿ ಸುಮಾರು 12 ಲಕ್ಷ ವರ್ಷಗಳ ಕಾಲವನ್ನು ಸೂಚಿಸಿದ್ದಾರೆ. ಇಷ್ಟು ದೀರ್ಘವಾದ ಕಾಲದೆದುರು ಮೌರ್ಯರು ನಿನ್ನೆ ಬಂದ ನೆಂಟರಂತೆ ಕಾಣುತ್ತಾರೆ!

ಇನ್ನು ಬೂದಿಹಾಳ. ಊರಿನ ಹೆಸರಿನಲ್ಲಿಯೇ ಬೂದಿಯಿದೆ. ಶಾಸನ ಹೇಳದ್ದನ್ನು ಭಾಷೆ ಕಾಪಾಡಿಕೊಂಡು ಬಂದಿದೆ. ಸುಮಾರು 4,000 ವರ್ಷಗಳ ಹಿಂದೆ ಇಲ್ಲಿ ದನ ಸಾಕಿದವರು ಸಗಣಿಯನ್ನು ರಾಶಿ ಹಾಕಿ ಸುಟ್ಟರು. ಆ ಬೂದಿಯೇ ಗುಡ್ಡವಾಯಿತು. ಅಗೆದಾಗ ಮನೆಗಳ ಕುರುಹು ಕಂಡುಬಂದಿತು, ಪಶುಗಳನ್ನು ಕೊಯ್ದು ಮಾಂಸ ಹಸನು ಮಾಡುತ್ತಿದ್ದ ನೆಲವೂ ಕಂಡುಬಂದಿತು. ಅರಸರಿಲ್ಲ, ಅಕ್ಷರವಿಲ್ಲ, ಬಾಳುವೆ ಮಾತ್ರ ಇದೆ. ಇಂಥ ಗುಡ್ಡಕ್ಕೆ ಕಾವಲಾದರೂ ಯಾರು? ಗುಡಿಯನ್ನು ಕಂಡು ಕೈಮುಗಿಯುವವನು ಬೂದಿಗುಡ್ಡವನ್ನು ಕಂಡರೆ ಗೊಬ್ಬರವೆಂದು ಗಾಡಿಗೆ ತುಂಬುತ್ತಾನೆ. ಅವನನ್ನು ದೂರಿ ಫಲವಿಲ್ಲ. ಅದು ಏನೆಂದು ನಾವು ಹೇಳಿದ್ದರಲ್ಲವೇ? ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದಮೇಲಂತೂ ಒಣಭೂಮಿ ಮಟ್ಟವಾಗಿ ಗದ್ದೆಯಾಗುತ್ತಿದೆ. ಆದುದರಿಂದ ಪಟ್ಟಿಯ ಮೊದಲ ಸಾಲು ಇಸಾಂಪುರವೇ ಆಗಬೇಕೆಂಬುದು ನನ್ನ ಹಟ.

ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಬಂಡೆಗಲ್ಲುಗಳನ್ನು ಸಾಲುಸಾಲಾಗಿ ಇಟ್ಟಿದ್ದಾರೆ. ರಾಜನಕೋಳೂರಿನಲ್ಲಿ ಚಪ್ಪಡಿಗಳ ಕಲ್ಲುಮನೆಗಳಿವೆ. ಇವನ್ನು ಬೃಹತ್ ಶಿಲಾಯುಗಕ್ಕೆ ಸೇರಿಸುತ್ತಾರೆ. ಇಂಥವನ್ನು ಮೊದಲು ಕಣ್ಣಿಟ್ಟು ನೋಡಿ, ಅಗೆಸಿ, 1850ರ ದಶಕದಲ್ಲಿ ಬರೆದು ಪ್ರಕಟಿಸಿದವನು ಸುರಪುರದಲ್ಲಿದ್ದ ಮೆಡೋಸ್ ಟೇಲರ್. ಅವನು ಇವನ್ನು ತನ್ನ ಯುರೋಪಿನ ಡ್ರೂಯಿಡರಿಗೂ ಸಿಥಿಯನ್ನರಿಗೂ ಗಂಟುಹಾಕಿದ. ಆ ಊಹೆ ನಿಲ್ಲಲಿಲ್ಲ. ಅವನ ಅಳತೆಗಳೂ ಚಿತ್ರಗಳೂ ನಿಂತಿವೆ.

ಹಾಗಾದರೆ ಕೊನೆಯೆಲ್ಲಿ? 1958ರ ಕೇಂದ್ರದ ಕಾಯಿದೆ ನೂರು ವರ್ಷ ತುಂಬಿದ್ದನ್ನು ಪ್ರಾಚೀನ ಸ್ಮಾರಕವೆನ್ನಲು ಒಪ್ಪುತ್ತದೆ. ವರ್ಷ ಕಳೆದಂತೆ ಈ ಗೆರೆ ತಾನೂ ಮುಂದೆ ಸರಿಯುತ್ತದೆ. ಕಚೇರಿಗೆ ಅದು ಅನುಕೂಲ, ಚರಿತ್ರೆಗೆ ಸಾಲದು. ನಮ್ಮ ಸೀಮೆಗೆ ತನ್ನದೇ ಆದ ಒಂದು ಕೊನೆಯಿದೆ. 1705ರಲ್ಲಿ ಮುಪ್ಪಿನ ಔರಂಗಜೇಬನು ತಾನೇ ದಂಡೆತ್ತಿ ಬಂದು ವಾಗಿನಗೇರಿಯನ್ನು ಮುತ್ತಿದ; ಕೋಟೆ ಕೈಸೇರಿದರೂ ಬೇಡನಾಯಕರು ಕೈಗೆ ಸಿಗಲಿಲ್ಲ. ಅವರ ಸುರಪುರ 1858ರವರೆಗೆ ಬಾಳಿತು. ಆ ವರ್ಷ ರಾಜಾ ವೆಂಕಟಪ್ಪನಾಯಕನು ಇಂಗ್ಲಿಷರಿಗೆ ಎದುರಾಗಿ ಸೆರೆಸಿಕ್ಕು, ಗುಂಡೇಟಿನಿಂದ ಮಡಿದ. ಬಳಿಕ ಸಂಸ್ಥಾನ ನಿಜಾಮನ ಪಾಲಾಯಿತು. ನಾನು ಗೆರೆಯನ್ನು ಎಳೆಯುವುದು ಅಲ್ಲಿಗೆ. ಆಗ ವೆಂಕಟಪ್ಪನನ್ನು ಬಾಲ್ಯದಲ್ಲಿ ನೋಡಿಕೊಂಡ ಟೇಲರನ ಗುಡ್ಡದ ಮೇಲಣ ಬಂಗಲೆಯೂ, ಅವನು ಅಗೆಸಿದ ಗೋರಿಗಳ ಪಕ್ಕದಲ್ಲಿಯೇ, ಪಟ್ಟಿಯೊಳಗೆ ಬರುತ್ತದೆ.

ಪಟ್ಟಿಯನ್ನು ಯುಗಗಳಾಗಿ ಕತ್ತರಿಸದೆ ಊರೂರಾಗಿ ಬರೆಯುವುದು ಮೇಲು. ಕೊಡೇಕಲ್ಲನ್ನು ಯುಗಕ್ಕೊಂದು ಹಾಳೆ ಮಾಡಿ ಹರಿದರೆ, ನವಶಿಲಾಯುಗದ ಬೂದಿಗುಡ್ಡ ಒಂದೆಡೆ, ಕಾಲಜ್ಞಾನದ ವಚನಗಳ ಕೊಡೇಕಲ್ ಬಸವಣ್ಣ ಇನ್ನೊಂದೆಡೆ ಹೋಗಿ ಬೀಳುತ್ತಾರೆ. ನೋಡಲು ಹೋದವನಿಗೆ ಎರಡೂ ಒಂದೇ ಊರಿನಲ್ಲಿ, ಒಂದೇ ಮಧ್ಯಾಹ್ನ ಸಿಕ್ಕುತ್ತವೆ.