ಸೆರೆಮನೆಯಿಂದ ಬಂದ ಯಂತ್ರ

ನಿಡಗುಂದಿಯಲ್ಲಿದ್ದು ಮನೆಗೊಂದು ಟ್ರೆಡ್‌ಮಿಲ್ ಕೊಳ್ಳಬಯಸುವವರು ಅದರ ಪೂರ್ವಚರಿತ್ರೆಯನ್ನು ಅರಿತರೆ ಒಳಿತು. 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಇಂಜಿನಿಯರನು ಇಂಗ್ಲೆಂಡಿನ ಸೆರೆಮನೆಗಳಿಗಾಗಿ ತುಳಿಗಾಲಿಯೊಂದನ್ನು ರೂಪಿಸಿದನು. ಕೈದಿಗಳು ಅದರ ಮೆಟ್ಟಿಲುಗಳನ್ನು ಗಂಟೆಗಟ್ಟಲೆ ತುಳಿಯುತ್ತಿದ್ದರು. ಎಷ್ಟು ಹತ್ತಿದರೂ ಇದ್ದಲ್ಲಿಯೇ ಇರುತ್ತಿದ್ದರು. ನಮ್ಮ ಗಾಣದೆತ್ತಿನ ದುಡಿಮೆಯಿಂದ ಎಣ್ಣೆಯಾದರೂ ದೊರೆಯುತ್ತಿತ್ತು. ಅಲ್ಲಿ ಎಷ್ಟೋ ಕಡೆ ಗಾಲಿ ಬರಿಯ ಗಾಳಿಯನ್ನೇ ಬೀಸುತ್ತಿತ್ತು. 1898ರ ಕಾಯಿದೆಯ ತರುವಾಯ ಆ ಶಿಕ್ಷೆ ಮರೆಯಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಬ್ರೂಸ್ ಚಲಿಸುವ ಪಟ್ಟಿಯ ಮೇಲೆ ರೋಗಿಗಳನ್ನು ನಡೆಸಿ ಹೃದಯವನ್ನು ಪರೀಕ್ಷಿಸಿದನು. 1960ರ ದಶಕದ ಕೊನೆಗೆ ವಿಲಿಯಂ ಸ್ಟಾಬ್ ಅದನ್ನು ಮನೆಬಳಕೆಗೆ ಒಗ್ಗಿಸಿದನು.

ಕೈದಿಗೆ ಗಾಲಿಯನ್ನು ನಿಲ್ಲಿಸುವ ಹಕ್ಕಿರಲಿಲ್ಲ. ಕೊಳ್ಳುವವರು ಮೊದಲು ನೋಡತಕ್ಕದ್ದು ಅದನ್ನೇ: ಉಡುಪಿಗೆ ಸಿಕ್ಕಿಸಿದ ದಾರ ಕಳಚಿದೊಡನೆ ಯಂತ್ರ ನಿಲ್ಲುವುದೆ? ಪಟ್ಟಿ ನಮ್ಮ ಹೆಜ್ಜೆಗೆ ಸಾಲುವುದೆ? ನಮ್ಮ ತೂಕವನ್ನು ತಾಳುವುದೆ? ಇಲ್ಲವಾದರೆ ಆಲಮಟ್ಟಿಯ ಕಡೆಗೆ ಬೆಳಗಿನ ನಡಿಗೆಯೇ ಲೇಸು.