ನಡಿಗೆ ಪರೀಕ್ಷೆ (ಹದಿಹರೆಯದವರಲ್ಲಿ)

ಹದಿಹರೆಯದವರ ಹೃದಯ–ಶ್ವಾಸಕೋಶ ಕ್ಷಮತೆಯನ್ನು ನಡಿಗೆಯ ಮೂಲಕ ಅಂದಾಜಿಸುವ ವಿಧಾನ. ಕ್ಷಮತೆಯ ನಿಖರ ಅಳತೆಯಾದ ಗರಿಷ್ಠ ಆಮ್ಲಜನಕ ಬಳಕೆಯನ್ನು ತಿಳಿಯಲು ಪ್ರಯೋಗಾಲಯ ಬೇಕು. ಒಂದು ಮೈಲಿ (1,609 ಮೀಟರ್) ನಡಿಗೆಯ ರಾಕ್‌ಪೋರ್ಟ್ ಪರೀಕ್ಷೆಯು, ನಡೆಯಲು ತಗುಲಿದ ಅವಧಿ, ಕೊನೆಯ ನಾಡಿಬಡಿತ, ತೂಕ, ವಯಸ್ಸು, ಲಿಂಗಗಳಿಂದ ಆ ಬಳಕೆಯನ್ನು ಸೂತ್ರವೊಂದರ ಮೂಲಕ ಅಂದಾಜಿಸುತ್ತದೆ. ಆದರೆ 1987ರಲ್ಲಿ ಪ್ರಕಟವಾದ ಈ ಸೂತ್ರ 30–69 ವಯಸ್ಸಿನವರನ್ನು ಆಧರಿಸಿದ್ದು; ಬೆಳೆಯುವ ದೇಹಕ್ಕೆ ಹಾಗೆಯೇ ಒಪ್ಪದು. ಆರು ನಿಮಿಷದಲ್ಲಿ ನಡೆದ ದೂರವನ್ನು ಅಳೆಯುವ ಪರೀಕ್ಷೆಯಲ್ಲೂ ಎತ್ತರದವರ ಹೆಜ್ಜೆ ಉದ್ದವಾದ್ದರಿಂದ ದೂರವೊಂದೇ ಕ್ಷಮತೆಗೆ ಸಾಕ್ಷಿಯಾಗದು.

ನಡಿಗೆಗಿಂತ 20 ಮೀಟರ್ ಅಂತರದಲ್ಲಿ ಹಿಂದೆ ಮುಂದೆ ಓಡುವ ಷಟಲ್ ಓಟವೇ ಮೇಲೆಂಬ ಆಕ್ಷೇಪ ಆರೋಗ್ಯವಂತರ ಮಟ್ಟಿಗೆ ಸರಿ: ಚುರುಕಾದವರ ಹೃದಯವನ್ನು ನಡಿಗೆ ಸಾಕಷ್ಟು ದುಡಿಸದು. ಆದರೆ ಸ್ಥೂಲಕಾಯ, ಆಸ್ತಮಾ ಇರುವವರು ಓಟವನ್ನು ಬೇಗ ಕೈಬಿಟ್ಟರೆ ಅಲ್ಲಿ ಅಳೆದಂತಾಗುವುದು ಕ್ಷಮತೆಯನ್ನಲ್ಲ, ಹಿಂಜರಿಕೆಯನ್ನು. ಅಂಥವರಿಗೆ ನಡಿಗೆಯೇ ತಕ್ಕುದು. ಫಲಿತಾಂಶವನ್ನು ಸಹಪಾಠಿಗಳೊಡನೆ ಹೋಲಿಸುವುದಕ್ಕಿಂತ ಅದೇ ವ್ಯಕ್ತಿಯ ಹಿಂದಿನ ಅಳತೆಯೊಡನೆ ಹೋಲಿಸುವುದು ಹೆಚ್ಚು ಅರ್ಥಪೂರ್ಣ.